ದಡಿ ಇದ್ದ ಹಾಯಿ

ನೀಲಕಂಠ ಮಾಸ್ತರರು ಹದಿನೆಂಟು ವರ್ಷ ಜಮಖಂಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಮುಂಗಾರು ಗಾಳಿ ಯಾವ ಕಡಲಲ್ಲಿ ಹುಟ್ಟುತ್ತದೆ, ಯಾವ ಘಟ್ಟಕ್ಕೆ ತಲೆ ಬಡಿದುಕೊಳ್ಳುತ್ತದೆ, ಎಲ್ಲಿ ಸುರಿದು ಎಲ್ಲಿ ಕೈಯೆತ್ತುತ್ತದೆ ಎಂಬುದನ್ನು ನಕಾಶೆ ಇಲ್ಲದೆ ಹೇಳಬಲ್ಲರು. ಅಂಥವರು ಶ್ರಾವಣದ ಒಂದು ರವಿವಾರ ಮುಂಜಾನೆ ಅನಗವಾಡಿಯ ಹಿನ್ನೀರಿನ ದಂಡೆಯಲ್ಲಿ, ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಟ್ಟು, ತೋರುಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಮೇಲೆತ್ತಿ ನಿಂತಿದ್ದರು. ಗಾಳಿ ಎತ್ತಣದ್ದೆಂದು ತಿಳಿಯಲಿಲ್ಲ. ಬೆರಳು ಸುತ್ತಲೂ ಒಂದೇ ಸಮ ತಣ್ಣಗಿತ್ತು.

“ಒಂದಕ್ಕ ಹೋಗಬೇಕಾಗಿತ್ತೇನ್ರೀ ಸರ?” ಎಂದು ಹಿಂದಿನಿಂದ ದನಿ ಬಂತು.

ಲಗಮಪ್ಪ. ಮೀನು ಹಿಡಿಯುವವ, ಅದಕ್ಕೂ ಮೊದಲು ಇದೇ ಮಾಸ್ತರರ ಕ್ಲಾಸಿನ ಕೊನೆಯ ಬೆಂಚಿನವ. ಭೂಗೋಳದಲ್ಲಿ ಎರಡು ಸಲ ನಪಾಸಾಗಿದ್ದ, ಮಾಸ್ತರರ ದನಿ ತೆಗೆಯುವುದರಲ್ಲಿ ಮಾತ್ರ ಮೊದಲ ನಂಬರು. ಈಗಲೂ ಮೂಗಿನ ತುದಿಗೆ ಇಲ್ಲದ ಚಷ್ಮಾ ಇಳಿಸಿ ಶುರು ಮಾಡಿದ: “ಮಕ್ಕಳೇ, ಗಾಳಿ ಎಂದರೇನು? ಚಲಿಸುವ ಹವೆಯೇ ಗಾಳಿ. ಲಗಮ್ಯಾ, ನಿನ್ನ ತಲೆಯಲ್ಲಿ ಇರುವುದೂ ಅದೇ.”

ದಂಡೆಯ ಕಲ್ಲಿನ ಮೇಲೆ ಕೂತಿದ್ದ ಕಾಂಚನಾ ಬಿದ್ದು ಬಿದ್ದು ನಕ್ಕಳು. ಆಕೆ ಮಾಸ್ತರರ ಹೆಂಡತಿ, ಆ ದಿನದ ಮಟ್ಟಿಗೆ ನ್ಯಾಯಾಧೀಶೆ ಕೂಡ.

ನ್ಯಾಯ ಇಷ್ಟು. ಹೋದ ವರ್ಷ ಮಾಸ್ತರರು ಮೊಬೈಲಿನಲ್ಲಿ ಜಾಹೀರಾತು ನೋಡಿ, ಪುಣೆಯ ಒಬ್ಬರಿಂದ ಹನ್ನೆರಡು ಫೂಟಿನ ಹಾಯಿದೋಣಿ ತಂದಿದ್ದರು. ಎರಡು ಗಾಲಿಯ ಟ್ರೇಲರ್ ಅದರ ಜೋಡಿಗೇ ಬಂದಿತ್ತು. ಜೀಪಿನ ಹಿಂದೆ ಕಟ್ಟಿಕೊಂಡು ಬನಹಟ್ಟಿಯ ಮನೆಗೆ ಬರುವಾಗ ಜಮಖಂಡಿಯಲ್ಲಿ ಒಬ್ಬ ಮುದುಕ ಕೈ ಮುಗಿದು “ಯಾವ ದೇವರ್ರೀ?” ಎಂದು ಕೇಳಿದ್ದ. ದೇವರನ್ನು ಮಗ್ಗದ ಖೋಲಿಯಲ್ಲಿ, ಮಗ್ಗದ ಪಕ್ಕಕ್ಕೇ, ಸ್ಥಾಪನೆ ಮಾಡಿದರು. ಇಲಿಗಳು ಹಾಯಿಯನ್ನು ಪ್ರಸಾದವೆಂದು ತಿಂದವು. ಒಂದು ವರ್ಷ ದೋಣಿಗೆ ನೀರು ಕಂಡಿದ್ದು ಸೂರು ಸೋರಿದಾಗ ಮಾತ್ರ.

ಆ ಖೋಲಿಯಲ್ಲಿ ಎರಡು ಪವರ್‌ಲೂಮ್ ಹಾಕಬೇಕೆಂಬುದು ಕಾಂಚನಾಳ ಹಂಚಿಕೆ. ಒಂದು ದಿನ ಸ್ಪಷ್ಟವಾಗಿ ಹೇಳಿದಳು: “ಮೂರು ಸಲ ಬಿಡ್ತೀನಿ. ದಂಡಿಯಿಂದ ನೀರಾಗಿನ ಜಾಲಿಗಿಡದ ತನಕ ಹೋಗಿ, ಸುತ್ತ ಹಾಕಿ, ತಿರಗಿ ಬರಬೇಕು. ಹುಟ್ಟು ಹಾಕಂಗಿಲ್ಲ, ನೂಕಂಗಿಲ್ಲ, ಬರೇ ಗಾಳಿ. ಬಂದ್ರ ದೋಣಿ ನಿಮ್ಮದು. ಬರಲಿಲ್ಲಂದ್ರ ಸೋಮವಾರ ನಾನs ಫೋಟೋ ಹೊಡದು ಮಾರಾಕ ಹಾಕ್ತೀನಿ.”

ಮಾಸ್ತರರು ಒಪ್ಪಿದರು. ಆದರೆ ಹಾಯಿ?

ಹಾಯಿಯ ಭಾರ ಹೊತ್ತವರು ತಂದೆ ಶಂಕರೆಪ್ಪ. ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದವರು, ಮೊಣಕಾಲು ಹೋದದ್ದರಿಂದ ಮಗ್ಗ ಬಿಡುವವರಿದ್ದರು. ಕೊನೆಯದೊಂದು ನೇಯ್ದೇ ಏಳುತ್ತೇನೆಂದು ಹುರಿ ಮಾಡಿದ ದಪ್ಪ ನೂಲು ಹಾಕಿ ಹಾಯಿಯ ಅರಿವೆ ನೇಯ್ದರು. ಕೈ ಸುಮ್ಮನಿರಬೇಕಲ್ಲ, ಅಂಚಿಗೆ ಕೆಂಪು ದಡಿಯನ್ನೂ ಕೊಟ್ಟರು. ಹೊಲಿದು ಮುಗಿಸಿ, ಮಗ್ಗದ ಕುಣಿಗೆ ಮಣ್ಣು ತುಂಬಿಸಿ, ಮಗನ ಮುಂದೆ ಅರಿವೆ ಹರಡಿದರು.

“ಇದರಾಗ ಎಲ್ಲರೆ ಒಂದೆಳಿ ಸಡ್ಲ ಸಿಕ್ರ ನನ್ನ ಮಾರಿ ಮ್ಯಾಲ ಒಗಿ. ಸಡ್ಲ ಅರಬಿ ನಮ್ಮ ಮನ್ಯಾಗ ಹುಟ್ಟಿಲ್ಲ.”

ಖರೆ ಮಾತು. ಹಾಯಿ ಹಲಗೆಯ ಹಾಗಿತ್ತು.

ಅನಗವಾಡಿಯಲ್ಲಿ ಅದನ್ನು ಕಂಬಕ್ಕೇರಿಸಿದಾಗ, ಅರಿವೆ ಒಗೆಯಲು ಬಂದಿದ್ದ ಯಲ್ಲವ್ವ ಎಂಬ ಮುದುಕಿ ಕೈಯಲ್ಲಿದ್ದ ಸೀರೆ ಬಿಟ್ಟು ನೋಡಿದಳು. “ಯವ್ವಾ! ದೋಣಿಗೆ ಸೀರಿ ಉಡಿಸ್ಯಾರಲ್ಲಬೇ! ಕುಬಸ ಯಾವಾಗ್ರೀ?”

“ಮೊದಲ ನಡೀಲಿ ಬಿಡಜ್ಜಿ, ಆಮ್ಯಾಲ ಬಸರಾಗತೈತಿ” ಎಂದ ಲಗಮಪ್ಪ.

ಮೊದಲ ಸಲ ದೋಣಿ ನಡೆಯಲಿಲ್ಲ, ಅಡ್ಡ ಜಾರಿತು. ಮೂಗು ಬಡಗಣದ ಜಾಲಿಗಿಡದ ಕಡೆಗಿತ್ತು, ಸವಾರಿ ಮೂಡಣಕ್ಕೆ ಹೊರಟಿತು. ಚುಕ್ಕಾಣಿ ಹಿಡಿದ ಮಾಸ್ತರರು ಗಾಬರಿಯಾಗಿ ಹಾಯಿಯ ಹಗ್ಗವನ್ನು ಇನ್ನಷ್ಟು ಎಳೆದರು. ಎದುರಿಗೆ ಕೂತಿದ್ದ ಶಂಕರೆಪ್ಪ, ಹಾಯಿಯ ಬುಡವನ್ನು ಅಡ್ಡಗೋಲಿಗೆ ಕಟ್ಟಿದ ಹಗ್ಗವನ್ನು ತಾವೂ ಇನ್ನೊಂದು ಸುತ್ತು ಬಿಗಿದರು. ದೋಣಿ ಒಂದು ಪಕ್ಕಕ್ಕೆ ವಾಲಿ, ನಿಂತಲ್ಲೇ ಮುಖ ತಿರುಗಿಸಿತು. ಹಾಯಿಗೆ ದಡಿ ಇತ್ತು, ದೋಣಿಗೆ ದಿಕ್ಕಿರಲಿಲ್ಲ. ಲಗಮಪ್ಪ ತನ್ನ ದೋಣಿ ತಂದು ಎಳೆದುಕೊಂಡು ಬಂದ.

“ಒಂದು ಆತು” ಎಂದಳು ಕಾಂಚನಾ, ಬೆರಳು ಮಡಚುತ್ತ.

ಎರಡನೆಯ ಸಲಕ್ಕೆ ಮಾಸ್ತರರು ಮೊಬೈಲಿನ ವಿಡಿಯೋ ನೋಡಿಕೊಂಡು ಹೊರಟರು. ಅದರಲ್ಲೊಬ್ಬ ಕೆಂಪು ಮೂಗಿನವ ಎಲ್ಲದಕ್ಕೂ ‘ಈಜಿ, ಈಜಿ’ ಎನ್ನುತ್ತಿದ್ದ. ಈಜಬೇಕಾದ ಪ್ರಸಂಗವೇ ಬರುವುದರಲ್ಲಿತ್ತು. ದೋಣಿ ಎರಡು ಮಾರು ಮುಂದೆ ಹೋಗಿ, ಏನೋ ನೆನಪಾದವರ ಹಾಗೆ ನಿಂತು, ಮತ್ತೆ ಅಡ್ಡಕ್ಕೆ ಜಾರಿತು. ಮಾಸ್ತರರಿಗೆ ಏನೊಂದೂ ತಿಳಿಯಲಿಲ್ಲ. ಪಡುವಣ ಗಾಳಿ ಎಂದು ಲಗಮಪ್ಪ ತೋರಿಸಿಕೊಟ್ಟಿದ್ದ. ದೋಣಿ ಅಡ್ಡ ಜಾರದಂತೆ ತಡೆಯುವ ನಡು ಹಲಗೆ ನೀರಿಗೆ ಇಳಿದಿತ್ತು. ಹಾಯಿ ಬಿಗಿಯಾಗಿತ್ತು, ಹಗ್ಗ ಬಿಗಿಯಾಗಿತ್ತು, ಹಲ್ಲು ಸುದ್ದಾ ಬಿಗಿಯಾಗಿದ್ದವು. ಇಷ್ಟೆಲ್ಲ ಬಿಗಿ ಇದ್ದೂ ದೋಣಿ ಯಾಕೆ ಹೀಗೆ ಹುಡುಗಾಟ ಮಾಡುತ್ತದೆ?

“ಅಪ್ಪಾ, ಇನ್ನಷ್ಟ ಬಿಗೀಬೇಕೇನೋ.”

“ಇದಕ್ಕಿಂತ ಬಿಗಿದ್ರ ಹರೀತೈತಿ, ನೀಲ್ಯಾ. ನನ್ನ ಅರಬಿದೇನೂ ತಪ್ಪಿಲ್ಲ. ನಿನ್ನ ಗಾಳೀದs ಏನೋ ಐತಿ.”

ಮತ್ತೆ ಲಗಮಪ್ಪ, ಮತ್ತೆ ಎಳೆತ. ಕಾಂಚನಾ ಎರಡನೆಯ ಬೆರಳು ಮಡಚಿದಳು. ಈ ಸಲ ನಗಲಿಲ್ಲ. ಮಾವನ ಮುಖ ಸಣ್ಣದಾದದ್ದನ್ನು ಕಂಡಿದ್ದಳು.

ಮೂರನೆಯ ಸಲ ದಂಡೆ ಬಿಟ್ಟು ಐವತ್ತು ಮಾರು ಹೋಗುವಷ್ಟರಲ್ಲಿ ದೋಣಿ ನಿಂತೇಬಿಟ್ಟಿತು. ಜಾಲಿಗಿಡ ಇನ್ನೂ ಬಹಳ ದೂರ. ಅದರ ಟೊಂಗೆಯ ಮೇಲೆ ಕೂತ ಬೆಳ್ಳಕ್ಕಿ ಇವರನ್ನೇ ನೋಡುತ್ತಿತ್ತು. ಮಾಸ್ತರರು ಸೋಮವಾರದ ಜಾಹೀರಾತನ್ನು ಮನಸ್ಸಿನಲ್ಲೇ ಓದಿಕೊಂಡರು: ಸ್ವಲ್ಪವೂ ಓಡಿಸದ ದೋಣಿ, ಸೀರೆ ಸಹಿತ.

ಇತ್ತ ದಂಡೆಯಲ್ಲಿ ಯಲ್ಲವ್ವ ಒಗೆದ ಸೀರೆ ಒಣಗಿಸಲು ಜೊತೆ ಹುಡುಕುತ್ತಿದ್ದಳು. ಸುಮ್ಮನೆ ಕೂತ ಕಾಂಚನಾ ಎದ್ದು ಒಂದು ತುದಿ ಹಿಡಿದಳು. ನೇಕಾರರ ಮನೆಯ ಸೊಸೆ, ಸೀರೆ ಕೈಗೆ ಬಂದ ಕೂಡಲೇ ಗೆರೆ ಎಳೆದ ಹಾಗೆ ಬಿಗಿ ಹಿಡಿದಳು. ನೀರಿನ ಮೇಲೆ ಮಾತು ದೂರ ಹರಿಯುತ್ತದೆ. ಯಲ್ಲವ್ವ ಬಯ್ದದ್ದು ದೋಣಿಯವರೆಗೆ ಕೇಳಿಸಿತು.

“ಅಷ್ಟ್ಯಾಕ ಬಿಗಿ ಹಿಡೀತಿ ತಂಗಿ? ನೇಯಾಕತ್ತೀಯೇನ? ಸಡ್ಲ ಬಿಡು, ಗಾಳಿ ಒಳಗ ಬರಲಿ!”

ಕಾಂಚನಾ ಕೈ ಸಡಿಲಿಸಿದಳು. ಸೀರೆ ಒಮ್ಮೆಲೆ ಉಬ್ಬಿ ಬುಟ್ಟಿಯಾಯಿತು. ಆಕೆಯನ್ನು ಎರಡು ಹೆಜ್ಜೆ ಎಳೆದು ಮೊಣಕಾಲು ಮಟ ನೀರಿಗಿಳಿಸಿತು. “ಅಯ್ಯಯ್ಯ!” ಎಂದು ಕೂಗಿದಳು.

ಶಂಕರೆಪ್ಪ ದೋಣಿಯಲ್ಲಿ ಅರ್ಧ ಎದ್ದು ನಿಂತರು. “ಸೊಸಿನ್ನ ಜಗ್ಗಿತಲೋ ನೀಲ್ಯಾ!”

“ಆಕೀಗೇನೂ ಆಗಿಲ್ಲಪ್ಪಾ, ನೀ ಕೂಡು, ದೋಣಿ ಮಗಚತೈತಿ.”

“ಆಕೀ ಮಾತಲ್ಲಲೇ. ಸೀರಿ ಜಗ್ಗಿತು. ಬಿಗಿ ಇದ್ದಾಗ ಜಗ್ಗಿದ್ದುಲ್ಲ.”

ಅಷ್ಟು ಹೇಳಿ ಕೂತರು. ಹಾಯಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅಡ್ಡಗೋಲಿನ ತುದಿಗೆ ತಾವೇ ಹಾಕಿದ ಗಂಟಿನ ಮೇಲೆ ಬೆರಳಿಟ್ಟರು, ತೆಗೆದರು, ಮತ್ತೆ ಇಟ್ಟರು. ಐವತ್ತು ವರ್ಷ ಯಾವುದನ್ನು ಮಾಡಬಾರದೆಂದು ಬೆರಳಿಗೆ ಕಲಿಸಿದ್ದರೋ ಅದನ್ನೇ ಮಾಡೆಂದು ಈಗ ಆ ಬೆರಳಿಗೆ ಹೇಳಬೇಕಾಗಿತ್ತು.

“ಅತ್ತಾಗ ನೋಡು” ಎಂದರು ಮಗನಿಗೆ.

“ಯಾಕಪ್ಪಾ?”

“ನೋಡಂದ್ರ ನೋಡಲೇ.”

ಮಾಸ್ತರರು ಬೆಳ್ಳಕ್ಕಿಯ ಕಡೆ ನೋಡಿದರು. ಹಿಂದೆ ಗಂಟು ಬಿಚ್ಚುವ ಸಪ್ಪಳ, ಹಗ್ಗ ಜಾರುವ ಸಪ್ಪಳ. ಹಾಯಿ ಒಂದು ಗೇಣು ಸಡಿಲವಾಯಿತು.

“ನಿನ್ನ ಕೈಯಾಗಿನ ಹಗ್ಗಾನೂ ಬಿಡು. ಪೂರಾ ಅಲ್ಲ. ಸ್ವಲ್ಪ ಸ್ವಲ್ಪ.”

ಮಾಸ್ತರರಿಗೆ ಅರ್ಥವಾಗಲಿಲ್ಲ. ಆದರೂ ಬಿಟ್ಟರು. ಹಾಯಿ ಒಮ್ಮೆ ನಡುಗಿತು, ಆಮೇಲೆ ಕೆಂಪು ದಡಿಯ ಮೇಲೆ ದುಂಡಗೆ ಉಬ್ಬಿ ನಿಂತಿತು. ದೋಣಿಯ ಮೂಗಿನ ಕೆಳಗೆ ನೀರು ಗುಳುಗುಳು ಎಂದಿತು. ಜಾಲಿಗಿಡ ದೊಡ್ಡದಾಗತೊಡಗಿತು. ಚುಕ್ಕಾಣಿ ಕೈಯಲ್ಲಿ ಜೀವ ಬಂದವರ ಹಾಗೆ ಮಿಸುಕಿತು. ಬೆಳ್ಳಕ್ಕಿ ಹಾರಿಹೋಯಿತು. ಗಿಡ ಸುತ್ತುವಾಗ ಅಡ್ಡಗೋಲು ಮಾಸ್ತರರ ಟೊಪ್ಪಿಗೆಯನ್ನು ನೀರಿಗೆ ಹಾಕಿತು. ಗಿಡವನ್ನು ಹೇಗೆ ಸುತ್ತಿದರೆಂದು ಯಾರು ಕೇಳಿದರೂ ಅವರು ಇಂದಿಗೂ ಹೇಳಲಾರರು.

ತಿರುಗಿ ಬರುವಾಗ ಯಲ್ಲವ್ವ ಚಪ್ಪಾಳೆ ತಟ್ಟುತ್ತಿದ್ದಳು. “ಹೊಟ್ಟಿ ಬಂತು ನೋಡಬೇ, ಹೊಟ್ಟಿ ಬಂತು! ಇನ್ನ ಕುಬಸ ಮಾಡ್ರಿ!” ಲಗಮಪ್ಪ ಮಾಸ್ತರರ ದನಿಯಲ್ಲಿ “ಲಗಮ್ಯಾ, ಈ ದೋಣಿಗೆ ಮೂವತ್ತೈದು ಮಾರ್ಕ್ಸ್ ಕೊಡು, ಪಾಸು!” ಎಂದು ಕೂಗಿದ.

ಕಾಂಚನಾ ಒದ್ದೆ ನೆರಿಗೆ ಹಿಂಡುತ್ತ ನಿಂತಿದ್ದಳು. ದೋಣಿ ದಂಡೆ ಮುಟ್ಟಿದ ಕೂಡಲೇ ಹೇಳಿದಳು: “ಆತ್ರಿ. ಮಾತಂದ್ರ ಮಾತು. ದೋಣಿ ಮಾರೂದುಲ್ಲ.”

ಮಾಸ್ತರರ ಮುಖ ಹಾಯಿಗಿಂತ ಹೆಚ್ಚು ಉಬ್ಬಿತು.

“ಆದ್ರ ಒಂದ್ ಕೇಳ್ತೀನಿ. ದೋಣಿ ಗಾಡಿಗೆ ಎರಡು ಗಾಲಿ ಅದಾವ. ಪವರ್‌ಲೂಮಿಗೆ ಗಾಲಿ ಅದಾವೇನು?”

“ಇಲ್ಲ.”

“ಅಂದ್ಮ್ಯಾಲ ಖೋಲಿ ಬಿಟ್ಟು ಇರೂ ತಾಕತ್ತು ಯಾರಿಗೈತಿ? ಲಗಮಪ್ಪನ ಹಿತ್ತಲದಾಗ ಬೇವಿನಗಿಡ ಐತಂತ. ಆಗಲೇ ಕೇಳಿ ಇಟ್ಟೀನಿ. ದೋಣಿ ಅದರ ನೆಳ್ಳಾಗ ಇಲ್ಲೇ ಇರಲಿ, ವಾರಕ್ಕೊಮ್ಮೆ ಬರೂಣು.”

“ಅಲ್ಲ, ನಾ ಗೆದ್ದಿದ್ದು...” ಎಂದರು ಮಾಸ್ತರರು. “ದೋಣಿ ನನ್ನದು. ಖೋಲಿ ನಿಂದು. ಅಂದ್ರ ಈಗ ಗೆದ್ದಾಂವ ನಾನೋ, ನೀನೋ?”

ಅಷ್ಟರಲ್ಲಿ ಶಂಕರೆಪ್ಪ ಹಾಯಿ ಇಳಿಸಿ ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ಸೊಸೆಗೆ ಕೊಟ್ಟಿದ್ದರು. ಮಡಿಕೆ ಹಾಕುವ ಮೊದಲು ಕಾಂಚನಾ ರೂಢಿಯಂತೆ ಬಿಗಿಯಾಗಿ ಎಳೆದಳು.

“ಹಗುರಕ್ಕ, ಯವ್ವಾ” ಎಂದರು ಮುದುಕರು. “ಸ್ವಲ್ಪ ಸಡ್ಲ ಬಿಡು.”