ಚೀಟಿ ಇಲ್ಲದ ಡಿಸ್ಕು

ಆ ಊರಿನ ಐದು ಸಣ್ಣ ಕಂಪ್ಯೂಟರ್ ಅಂಗಡಿಗಳ ನಡುವೆ ಒಂದು ಕಟ್ಟಳೆ ಇತ್ತು. ಮದರ್‌ಬೋರ್ಡೋ ಆಪರೇಟಿಂಗ್ ಸಿಸ್ಟಮ್ಮೋ, ಹೊಸದೇನೇ ಬರಲಿ, ಒಬ್ಬರು ಒಂದು ತಿಂಗಳು ಇಟ್ಟುಕೊಂಡು ಅದನ್ನು ಜಾಲಾಡಬೇಕು. ಅವರು ಮಾರಿ ಎಂದರೆ ಐವರೂ ಮಾರುವುದು, ಬೇಡ ಎಂದರೆ ಯಾರೂ ಮುಟ್ಟುವುದಿಲ್ಲ. ಬಿಡಿಭಾಗ ಜೋಡಿಸಿ ಹೊಟ್ಟೆ ಹೊರೆಯುವವರಿಗೆ ಆಡಿದ ಮಾತೇ ಬಂಡವಾಳ ಎನ್ನುತ್ತ ಇದನ್ನು ಶುರು ಮಾಡಿದವರು ಭಾವ. ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ಹೊಸ ಸಿಸ್ಟಮ್ ಪರೀಕ್ಷಿಸುವ ಸರದಿ ಈಗ ಅವರ ಅಂಗಡಿಗೇ ಬಂದಿತ್ತು. ಅದನ್ನು ನಡೆಸುತ್ತಿದ್ದವರು ಭಾವನ ಹೆಂಡತಿ ಅಕ್ಕ ಮತ್ತು ಅವಳ ತಮ್ಮ.

ತಮ್ಮ ಎಂದರೆ ಐವತ್ತೆರಡು ವರ್ಷ ವಯಸ್ಸಿನ ತಮ್ಮ. ತಲೆಯಲ್ಲಿ ಕೂದಲಿಲ್ಲ, ಬಾಯಲ್ಲಿ ಮಾತಿಲ್ಲ, ಆದರೆ ಕೆಲಸದಲ್ಲಿ ಪಳಗಿದ ಕೈ. ಅಕ್ಕ ಕರೆಯುವುದನ್ನು ಕೇಳಿ ಕೇಳಿ ಊರಿಗೆಲ್ಲ ಅವನು ತಮ್ಮನೇ ಆಗಿಬಿಟ್ಟಿದ್ದ.

ಅಂಗಡಿಯಲ್ಲಿ ಭಾವ ಮಾಡಿಟ್ಟ ಇನ್ನೊಂದು ನಿಯಮವಿತ್ತು. ಚೀಟಿ ಅಂಟಿಸಿದ ಹಾರ್ಡ್ ಡಿಸ್ಕು ಗಿರಾಕಿಯದು, ಅದು ಬೀಗದ ಖಾನೆಗೆ. ಚೀಟಿ ಇಲ್ಲದ್ದು ನಮ್ಮದು, ಅದು ಮೇಜಿನ ಡ್ರಾಯರಿಗೆ. ಅಳಿಸಲಿ, ಬರೆಯಲಿ, ಪರೀಕ್ಷೆಗೆ ಏನು ಬೇಕಾದರೂ ಮಾಡಬಹುದು. ಖಾನೆಯ ಬೀಗದ ಕೈ ಇಬ್ಬರ ಕೈಗೂ ಸಿಗುವಂತೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಈ ನಿಯಮ ಕೈಕೊಟ್ಟಿರಲಿಲ್ಲ.

ಗಂಟಲಿನ ಕಾಯಿಲೆ ಮಾತನ್ನು ಕಿತ್ತುಕೊಂಡ ಮೇಲೆ ಭಾವ ಕೊನೆಯ ಐದು ತಿಂಗಳು ಹೇಳಬೇಕಿದ್ದುದನ್ನೆಲ್ಲ ಮನೆಯ ಕಂಪ್ಯೂಟರಿನಲ್ಲಿ ಅಕ್ಕನಿಗಾಗಿ ಬರೆದಿಟ್ಟಿದ್ದರು. ಅಕ್ಕ ಅದನ್ನು ಒಂದೇ ಸಲ ಓದಿ ಮುಗಿಸಲಿಲ್ಲ. ಮುಗಿಸಿದರೆ ಅವರು ಇನ್ನೊಂದು ಸಲ ಸತ್ತಂತೆ ಎಂದು ತಿಂಗಳಿಗೊಂದೇ ಪುಟ ಓದುತ್ತಿದ್ದಳು. ಇನ್ನೆಷ್ಟು ಪುಟ ಉಳಿದಿದೆ ಎಂದು ಎಣಿಸಿಯೂ ನೋಡಿರಲಿಲ್ಲ. ಎರಡು ಪ್ರತಿ ಇಟ್ಟುಕೊಳ್ಳಿ ಎಂದು ಗಿರಾಕಿಗಳ ತಲೆ ತಿನ್ನುವ ಅಕ್ಕ, ಇದು ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಒಂದೇ ಒಂದು ಪ್ರತಿ ಇಟ್ಟಿದ್ದಳು.

ಮನೆಯ ಕಂಪ್ಯೂಟರ್ ಸುಟ್ಟುಹೋದಾಗ ಅಕ್ಕ ಅದರ ಡಿಸ್ಕನ್ನು ಬಿಚ್ಚಿ ತಂದು ಡ್ರಾಯರಿನಲ್ಲಿಟ್ಟಳು. ಚೀಟಿ ಅಂಟಿಸಲಿಲ್ಲ. ನಮ್ಮದಕ್ಕೆ ಚೀಟಿ ಯಾಕೆ? ಮಾರನೆಯ ದಿನ ತಮ್ಮ ಡ್ರಾಯರಿಗೆ ಕೈ ಹಾಕಿದ, ಸಿಕ್ಕಿದ ಡಿಸ್ಕನ್ನು ಜೋಡಿಸಿದ, ಹೊಸ ಸಿಸ್ಟಮ್ ಹಾಕಿದ.

ವಾರ ಕಳೆದ ಮೇಲೆ ಅಕ್ಕ ಆ ಡಿಸ್ಕು ಎಲ್ಲಿ ಎಂದು ಕೇಳಿದಾಗಲೇ ತಾನು ಅಳಿಸಿದ್ದು ಭಾವನ ಬರಹವನ್ನು ಎಂದು ಅವನಿಗೆ ಗೊತ್ತಾದದ್ದು. ಹುಡುಕುತ್ತೇನೆ ಎಂದು ಹೇಳಿ ನಾಲ್ಕು ದಿನ ತನಗೆ ಬರುವ ವಿದ್ಯೆಯನ್ನೆಲ್ಲ ಸುರಿದ. ಒಂದಕ್ಷರವೂ ವಾಪಸು ಬರಲಿಲ್ಲ. ಐದನೆಯ ದಿನ ಬಾಯಿಂದ ಬಂದದ್ದು ಸುಳ್ಳು: "ಅಕ್ಕಾ, ಡಿಸ್ಕ್ ಜೋಡಿಸ್ತಿದ್ದ ಹಾಗೇ ಆ ಹೊಸ ಸಿಸ್ಟಮ್ಮು ಎಲ್ಲಾನೂ ನುಂಗಿಬಿಡ್ತು."

ಅಕ್ಕ ಅವನ ಮುಂದೆ ಅಳಲಿಲ್ಲ. ಅವನ ಬೆನ್ನು ಸವರಿ, "ನೀನೇನೋ ಮಾಡ್ತೀಯಾ ಪಾಪ, ಊಟ ಮಾಡು ಹೋಗು" ಅಂದಳು.

ತಿಂಗಳು ಮುಗಿದ ಭಾನುವಾರ ಬೆಳಿಗ್ಗೆ ಉಳಿದ ನಾಲ್ಕು ಅಂಗಡಿಯವರೂ ತೀರ್ಮಾನ ಕೇಳಲು ಬಂದರು. ಕುರ್ಚಿ ಸಾಲದೆ ಕಂಪ್ಯೂಟರಿನ ಖಾಲಿ ಕ್ಯಾಬಿನೆಟ್‌ಗಳನ್ನು ಮಗುಚಿಹಾಕಿ ಕೂತರು. ಯಾವ ಕಂಪ್ಯೂಟರಿಗೂ ನಾಲ್ಕು ಫ್ಯಾನು ಜಡಿಯದೆ ಬಿಡದ ಫ್ಯಾನಣ್ಣ ಎಲ್ಲರಿಗಿಂತ ಹಿರಿಯ. ಮೂಲೆ ಅಂಗಡಿಯವಳು ಹೋದ ವರ್ಷವಷ್ಟೇ ಬಾಗಿಲು ತೆರೆದವಳು.

ಮೊದಲು ಮಾತಾಡಿದ್ದು ಅಕ್ಕ. "ಇದನ್ನ ಮಾರೋದು ಬೇಡ. ನಮ್ಮನೆಯವರು ಬರೆದಿಟ್ಟಿದ್ದನ್ನ ಹೇಳ್ದೆ ಕೇಳ್ದೆ ನುಂಗಿಹಾಕ್ತು. ನನಗಾಗಿದ್ದು ಇನ್ನೊಬ್ಬರಿಗೆ ಆಗ್ಬಾರ್ದು."

ಮೂಲೆ ಅಂಗಡಿಯವಳು ತಲೆ ತಗ್ಗಿಸಿಕೊಂಡೇ ಹೇಳಿದಳು. "ಆಸ್ಪತ್ರೆಯವರು ಇಪ್ಪತ್ತು ಕಂಪ್ಯೂಟರ್ ಕೇಳಿದ್ದಾರೆ ಅಕ್ಕಾ, ಇದೇ ಸಿಸ್ಟಮ್ ಬೇಕಂತೆ. ಆ ಕೆಲಸ ತಪ್ಪಿದ್ರೆ ನಾನು ಬಾಗಿಲು ಹಾಕೋದೇ. ಇರ್ಲಿ ಬಿಡಿ. ನೀವು ಬೇಡ ಅಂದ್ಮೇಲೆ ಬೇಡ."

"ತಮ್ಮಾ, ಪರೀಕ್ಷೆ ಮಾಡಿದೋನು ನೀನು," ಎಂದ ಫ್ಯಾನಣ್ಣ. "ನಿನ್ನ ಬಾಯಿಂದ ಒಂದು ಮಾತು ಬಂದ್ಬಿಡ್ಲಿ, ಏಳೋಣ."

ಬೇಡ ಅಂದುಬಿಟ್ಟರೆ ಸಾಕಿತ್ತು. ಅಕ್ಕ ಮೊದಲಿನ ಅಕ್ಕನಾಗಿಯೇ ಉಳಿಯುತ್ತಿದ್ದಳು. ಈ ಲೋಕದಲ್ಲಿ ತಮ್ಮನಿಗೆ ಇದ್ದವಳು ಅವಳೊಬ್ಬಳೇ. ಅವನು ಮೂಲೆ ಅಂಗಡಿಯವಳ ಮುಖ ನೋಡಿದ, ಗೋಡೆಯ ಮೇಲಿನ ಭಾವನ ಫೋಟೋ ನೋಡಿದ. ಅಕ್ಕನ ಮುಖ ನೋಡಲು ಮಾತ್ರ ಆಗಲಿಲ್ಲ.

"ಸಿಸ್ಟಮ್ ಚೆನ್ನಾಗಿದೆ. ಧೈರ್ಯವಾಗಿ ಮಾರಿ," ಎಂದ. "ಡಿಸ್ಕ್ ಅಳಿಸಿದ್ದು ನಾನು. ಅಕ್ಕನಿಗೆ ಸುಳ್ಳು ಹೇಳಿದೆ. ಚೀಟಿ ಇರ್ಲಿಲ್ಲ, ನಮ್ಮದೇ ಅಂದ್ಕೊಂಡೆ."

"ನಮ್ಮದೇ ಆಗಿತ್ತಲ್ಲೋ," ಎಂದಳು ಅಕ್ಕ.

ಪರೀಕ್ಷೆಯ ಕಂಪ್ಯೂಟರಿನ ಕಡೆ ಕೈ ತೋರಿಸಿ ಕೇಳಿದಳು. "ಅಳಿಸೋ ಮುಂಚೆ ಅದು ನಿನ್ನ ಕೇಳ್ಲಿಲ್ವಾ?"

"ಕೇಳ್ತಕ್ಕಾ. ಎರಡು ಸಲ ಕೇಳ್ತು. ಎರಡು ಸಲಾನೂ ಹೌದು ಅಂತ ಒತ್ತಿದೆ."

ಅಕ್ಕ ಮೂಲೆ ಅಂಗಡಿಯವಳ ಕಡೆ ತಿರುಗಿದಳು. "ಎರಡು ಸಲ ಕೇಳತ್ತಂತಮ್ಮ. ಇನ್ನೇನು ಬೇಕು? ಮಾರು." ಹೇಳುವಾಗ ದನಿ ಒಡೆಯಿತು. ಬಂದವರೆಲ್ಲ ಕ್ಯಾಬಿನೆಟ್‌ಗಳನ್ನು ಸದ್ದಾಗದಂತೆ ಗೋಡೆಗೆ ಸರಿಸಿಟ್ಟು ಹೊರಟುಹೋದರು.

ತಮ್ಮ ಬೈಗುಳಕ್ಕೆ ಕಾದು ನಿಂತ. ಬೈದರೆ ಎಷ್ಟೋ ವಾಸಿ ಅನಿಸಿತ್ತು ಅವನಿಗೆ.

"ಅವತ್ತೇ ಹೇಳಿದ್ರೆ ಬೈದು ಸುಮ್ಮನಾಗ್ತಿದ್ದೆ ಕಣೋ," ಎಂದಳು ಅಕ್ಕ. "ನನ್ನ ದುಃಖ ಬದಿಗಿಟ್ಟು ಇಷ್ಟು ದಿನ ನಿನ್ನನ್ನೇ ಸಮಾಧಾನ ಮಾಡ್ತಿದ್ನಲ್ಲೋ."

ಅಕ್ಕ ಪರೀಕ್ಷೆಯ ಕಂಪ್ಯೂಟರಿನಿಂದ ಆ ಡಿಸ್ಕನ್ನು ತಾನೇ ಬಿಚ್ಚಿದಳು. ಒಂದು ಚೀಟಿಯ ಮೇಲೆ ಗಂಡನ ಹೆಸರು ಬರೆದು ಅಂಟಿಸಿ, ಬೆರಳಿನಿಂದ ಮೂಲೆಗಳನ್ನು ಒತ್ತಿದಳು. ಏನೂ ಉಳಿದಿರದ ಆ ಡಿಸ್ಕನ್ನು ಗಿರಾಕಿಗಳ ಡಿಸ್ಕುಗಳ ಜೊತೆ ಖಾನೆಯಲ್ಲಿಟ್ಟು ಬೀಗ ಹಾಕಿದಳು.

ತಮ್ಮ ಅಭ್ಯಾಸಬಲದಿಂದ ಬೀಗದ ಕೈಗೆ ಕೈ ಚಾಚಿದ. ಅಕ್ಕ ಕೊಡಲಿಲ್ಲ, ಮೊಳೆಗೂ ಹಾಕಲಿಲ್ಲ. ತನ್ನ ಚೀಲದೊಳಗೆ ಹಾಕಿಕೊಂಡು ಮನೆಗೆ ಹೊರಟಳು.