ಕೊಬ್ಬಿನ ಡಬ್ಬಿ

ಬಾಂಬು ಮಾಡಲು ಬೇಕೆಂದು ಸರ್ಕಾರ ಕೇಳಿದ್ದರಿಂದ, ಅಮೆರಿಕದ ಟೊಲಿಡೊ ಊರಿನ ವಿಲ್ಮಾ ಎರಡನೇ ಮಹಾಯುದ್ಧದುದ್ದಕ್ಕೂ ಹಂದಿಮಾಂಸ ಹುರಿದು ಉಳಿದ ಕೊಬ್ಬನ್ನು ಡಬ್ಬಿಗೆ ಬಸಿದು ಮಾಂಸದಂಗಡಿಗೆ ಕೊಟ್ಟಿದ್ದಳು. ಪೆಸಿಫಿಕ್ ಯುದ್ಧರಂಗದಿಂದ ಮರಳಿದ ಗಂಡ ಆರ್ವಿಲ್ ತಿಂಡಿಗೆ ಕೂತಾಗ, ಹುರಿದ ಹಂದಿಮಾಂಸ ಬಡಿಸುತ್ತಾ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡಳು.

ಅವನು ತಟ್ಟೆ ದೂಡಿದ. "ತೆಗಿಯೇ ಆಚೆ! ನಾವು ಬಾಂಬು ಹಾಕಿ ಸುಟ್ಟ ಊರೂ ಹೀಗೇ ನಾರ್ತಿತ್ತು." ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡ.

ಶನಿವಾರ ವಿಲ್ಮಾ ಅಂಗಡಿಗೆ ಬರಿಗೈಯಲ್ಲಿ ಹೋದಳು. ಅಂಗಡಿಯ ಕೆಸ್ಲರ್ ಹಲ್ಲು ಕಿರಿದ.

"ಏನಮ್ಮಾ, ಯುದ್ಧ ಮುಗೀತು ಅಂತ ದೇಶಾನೇ ಮರೆತುಬಿಟ್ರಾ? ಕೊಬ್ಬು ತನ್ನಿ, ಈಗ ಸೋಪಿಗೆ ಬೇಕಂತೆ."

ವಿಲ್ಮಾ ಬರಿಗೈ ಮುಂದೆ ಚಾಚಿದಳು.

"ಮೊದಲನೇ ಸೋಪು ನನಗೇ ಕೊಡ್ರೀ. ಬಾಂಬಿಗೆ ಕೊಬ್ಬು ಕೊಟ್ಟ ಈ ಕೈ ತೊಳ್ಕೋಬೇಕು. ಉಳಿದಿದ್ರಲ್ಲಿ ನಿಮ್ಮ ಬಾಯಿ ತೊಳ್ಕೊಳ್ಳಿ."