ಬೆಕ್ಕು ಕೂತರೆ ಶ್ರುತಿ

ನಾನು ಚೆನ್ನಾಗಿ ನುಡಿಸುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಂಬತ್ತು ವರ್ಷ ಬೇರೆಯವರ ತಂಡಗಳಲ್ಲಿ ಮೂಲೆಯಲ್ಲಿ ನಿಂತು ಸಿಂಥಸೈಜರ್ ನುಡಿಸಿದ್ದೇನೆ. ಚಪ್ಪಾಳೆ ಹಾಡುವವರಿಗೆ, ಹೆಸರು ತಂಡದ ಯಜಮಾನರಿಗೆ. ಹಾಗಾಗಿ ಒಂದು ನಾಟಕಕ್ಕೆ ಪೂರ್ತಿ ಸಂಗೀತ ಮಾಡುವ ಅವಕಾಶ ಬಾಗಿಲಿಗೆ ಬಂದಾಗ, ಇದು ಕೈತಪ್ಪಿದರೆ ಈ ಜನ್ಮದಲ್ಲಿ ಮೂಲೆ ಬಿಡುವುದಿಲ್ಲ ಎಂದು ಗೊತ್ತಾಗಿಹೋಯಿತು. ಮಧ್ಯಾಹ್ನ ಮೂರಕ್ಕೆ ನಿರ್ದೇಶಕರು ನಮ್ಮ ಮನೆಗೇ ಬಂದು ಕೇಳುವವರಿದ್ದರು. ಐದಕ್ಕೆ ಇನ್ನೊಬ್ಬ ಸಂಗೀತಗಾರರ ಮನೆಗೆ ಹೋಗುವವರಿದ್ದರು.

ನನ್ನ ಸಿಂಥಸೈಜರ್ ನನಗಿಂತ ಹಳೆಯದು. ರಿಪೇರಿ ಅಂಗಡಿ ಇಟ್ಟಿರುವ ಅಕ್ಕ ಅದಕ್ಕೆ ಮೂರು ಸಲ ಜೀವ ಕೊಟ್ಟಿದ್ದಾಳೆ. ಒಳಗಿನ ಬಿಸಿ ಏರಿಳಿದರೆ ಅದರ ಶ್ರುತಿಯೂ ಜಾರುತ್ತದೆ. ಅದರ ಮೇಲಿನ ಗಾಳಿಕಿಂಡಿಗಳನ್ನು ಮುಚ್ಚಿಕೊಂಡು ನಮ್ಮ ಬೆಕ್ಕು ದೊರೆ ದಿನವಿಡೀ ಹೊಟ್ಟೆ ಊರಿ ಮಲಗಿರುತ್ತಾನೆ. ಐದು ಕೆಜಿ ತೂಕ, ಅದರಲ್ಲಿ ಅರ್ಧ ಜಂಬ. ಓಡಿಸಿ ಓಡಿಸಿ ಸಾಕಾಗಿ ನಾವು ಕೈಬಿಟ್ಟಿದ್ದೆವು.

ಅವತ್ತು ಬೆಳಿಗ್ಗೆ ಎರಡು ಗಂಟೆ ಕೂತು, ನಾಟಕದ ಹಾಡುಗಾರ್ತಿಯ ರೆಕಾರ್ಡ್ ಮಾಡಿದ ಧ್ವನಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಶ್ರುತಿ ಕೂಡಿಸಿದೆ. ಆಮೇಲೆ, ಕೋಣೆ ಸ್ಟುಡಿಯೋ ಥರ ಕಾಣಲಿ ಎಂದು ದೊರೆಯನ್ನು ಎತ್ತಿ ಅಡುಗೆಮನೆಗೆ ಬಿಟ್ಟು ಚಿಲಕ ಹಾಕಿದೆ. ಮುಚ್ಚಳದ ಮೇಲಿದ್ದ ಕೂದಲನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎಷ್ಟು ಜಾಣೆ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಿರ್ದೇಶಕರು ಮೂರಕ್ಕೆ ಸರಿಯಾಗಿ ಬಂದರು. ಕುರ್ಚಿಯ ಅಂಚಿನಲ್ಲಿ ಕೂತು, "ಶುರು ಮಾಡಿ" ಎಂದರು. ರೆಕಾರ್ಡಿನ ಧ್ವನಿ ಎದ್ದಿತು, ನಾನು ಕೀಲಿ ಒತ್ತಿದೆ. ಹಾಡು ಒಂದು ದಾರಿ, ನಾನು ಇನ್ನೊಂದು ದಾರಿ. ಅವರ ಹುಬ್ಬು ಗಂಟಿಕ್ಕಿತು. ತಿರುಪು ತಿರುಗಿಸಿ ಸರಿ ಮಾಡಿದೆ. ಎರಡನೇ ಸಾಲಿಗೆ ಮತ್ತೆ ಜಾರಿತು.

ನನಗೆ ಕೋಪ ಮೂಗಿನ ತುದಿಯಲ್ಲೇ. ಬಾಗಿಲ ಬಳಿ ನಿಂತಿದ್ದ ಅಕ್ಕನ ಮೇಲೆ ಹರಿಹಾಯ್ದೆ. "ಹೋದ ವಾರ ತಾನೇ ಬಿಚ್ಚಿದ್ದು? ಏನಕ್ಕ ರಿಪೇರಿ ಮಾಡಿದ್ದು ನೀನು?"

ಅಕ್ಕ ಬಂದು ಮುಚ್ಚಳದ ಮೇಲೆ ಅಂಗೈ ಇಟ್ಟಳು. "ತಣ್ಣಗಿದೆಯಲ್ಲೇ. ಬೆಳಿಗ್ಗೆ ಶ್ರುತಿ ಮಾಡುವಾಗ ದೊರೆ ಎಲ್ಲಿದ್ದ?"

ನನ್ನ ಕೋಪ ಜರ್ರನೆ ಇಳಿಯಿತು. ದೊರೆ ಅಲ್ಲೇ ಇದ್ದ. ಅವನ ಹೊಟ್ಟೆಯ ಬಿಸಿಯನ್ನೂ ಸೇರಿಸಿಯೇ ನಾನು ಶ್ರುತಿ ಮಾಡಿದ್ದೆ.

"ಮೂಲೇಲಿರೋ ನಿನ್ನ ಹೊಸ ಕೀಬೋರ್ಡಲ್ಲಿ ನುಡಿಸಿಬಿಡೆ," ಅಕ್ಕ ಕಿವಿಯಲ್ಲಿ ಉಸುರಿದಳು. "ಅವರಿಗೇನು ಗೊತ್ತಾಗತ್ತೆ?"

ಅವರಿಗೆ ಗೊತ್ತಾಗುತ್ತಿರಲಿಲ್ಲವೇನೋ. ನನಗೆ ಗೊತ್ತಾಗುತ್ತಿತ್ತು. ಈ ನಾಟಕಕ್ಕೆಂದೇ ಹುಡುಕಿದ ಆ ಒಡಕು ನಾದ ಹೊಸದರಲ್ಲಿ ಬರುವುದಿಲ್ಲ. ಭಯವಾಯಿತು. ಆದರೂ ನಿರ್ದೇಶಕರ ಕಡೆ ತಿರುಗಿದೆ.

"ಸಾರ್, ತಪ್ಪು ನಂದು, ಅಕ್ಕಂದಲ್ಲ. ಬೆಕ್ಕು ಮೇಲೆ ಮಲಗಿದ್ದಾಗ ಶ್ರುತಿ ಮಾಡಿ, ನೀವು ಬರ್ತೀರಂತ ಅವನನ್ನ ಎಬ್ಬಿಸಿಬಿಟ್ಟೆ. ಯಂತ್ರ ತಣ್ಣಗಾಗಿದೆ. ಹೊಸದಾಗಿ ಶ್ರುತಿ ಮಾಡೋಕೆ ಎರಡು ಗಂಟೆ ಬೇಕು. ಕಾಲು ಗಂಟೆ ಕೊಡಿ, ಅವನು ಬಂದು ಮಲಗಲಿ."

"ಬೆಕ್ಕಾ?"

"ಹೂಂ ಸಾರ್."

ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಅಕ್ಕ ಚಿಲಕ ತೆಗೆದಳು. ದೊರೆ ಯಾವ ಅವಸರವೂ ಇಲ್ಲದೆ ಬಂದು, ಅತಿಥಿಗಳ ಬೂಟು ಮೂಸಿ, ನನಗೆ ಬೆನ್ನು ತೋರಿಸಿ ಕೂತು ಮೈ ನೆಕ್ಕಿಕೊಂಡ. ನಾನು ಮನಸ್ಸಿನಲ್ಲೇ ಅವನ ಕಾಲು ಹಿಡಿದೆ. ಕೊನೆಗೂ ಹತ್ತಿ ಮಲಗಿದ.

ಕಾಲು ಗಂಟೆಯ ನಂತರ ನುಡಿಸಿದೆ. ಈ ಸಲ ನನ್ನ ನಾದ ಹಾಡುಗಾರ್ತಿಯ ಧ್ವನಿಯ ಕೆಳಗೆ ಹೋಗಿ ಅದನ್ನು ಎತ್ತಿ ಹಿಡಿಯಿತು. ಮುಗಿದಾಗ ನನ್ನ ಕಣ್ಣು ತುಂಬಿತ್ತು, ಸಂತೋಷಕ್ಕೆ, ಮುಚ್ಚಿಡುವಂಥದ್ದೇನಲ್ಲ.

ನಿರ್ದೇಶಕರು ಫೋನ್ ತೆಗೆದು, "ಐದು ಗಂಟೆಗೆ ಬರೋಕಾಗಲ್ಲ, ಕ್ಷಮಿಸಿ" ಎಂದು ಯಾರಿಗೋ ಹೇಳಿದರು. ಆಮೇಲೆ ನನ್ನನ್ನು ಕೇಳಿದರು: "ಪ್ರದರ್ಶನಕ್ಕೂ ಬೆಕ್ಕು ಬರತ್ತಾ?"

"ಇಲ್ಲ ಸಾರ್. ಅಲ್ಲಿ ಅವನಿಲ್ಲದೇ ಶ್ರುತಿ ಮಾಡ್ತೀನಿ."

ಅವರು ನಕ್ಕು ಟಿಪ್ಪಣಿ ಪುಸ್ತಕ ತೆರೆದರು. "ಕರಪತ್ರದಲ್ಲಿ ಸಂಗೀತ ಅಂತ ಯಾರ ಹೆಸರು ಹಾಕ್ಲಿ? ಯಾವ ತಂಡದ್ದು?"

"ತಂಡದ್ದಲ್ಲ, ನಂದು" ಎಂದೆ. ಅವರ ಕೈಯಿಂದ ಪೆನ್ನು ತೆಗೆದುಕೊಂಡು, ನನ್ನ ಹೆಸರನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದೆ.